ಯಾಳಿಯ ತುತ್ತು

ಹೊಳೆಯ ದಂಡೆಯಲ್ಲಿ ಒಂದು ಚಪ್ಪರ. ಅದರ ಕೆಳಗೆ ಕಲ್ಲು ಕೆತ್ತುವ ಮೌನಪ್ಪಾಚಾರ್ಯರು, ಅವರ ಶಿಷ್ಯ ನಾಗೋಜ.

ಗುಡಿಯ ಬಾಗಿಲಿಗೆಂದು ನಾಗೋಜ ಒಂದು ಯಾಳಿ ಕೆತ್ತಿದ್ದ. ಸಿಂಹದ ಮೈ, ಆನೆಯ ಸೊಂಡಿಲು, ಕುದುರೆಯ ಕಿವಿ, ಹಂದಿಯ ಕೋರೆಹಲ್ಲು. ಸಂಜೆ ಊರ ಗೌಡರು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅಂದಿನಿಂದ ನಾಗೋಜ ಶಿಲ್ಪಿ. ಒಪ್ಪದಿದ್ದರೆ ಮತ್ತೆ ಮೆಟ್ಟಿಲುಕಲ್ಲು ತಟ್ಟುವುದೇ ಗತಿ.

ನೀರಿಗೆ ಬಂದವರೆಲ್ಲ ನಿಂತು ನೋಡಿ "ಅಬ್ಬಬ್ಬಾ!" ಎಂದರು. ಆಮೇಲೆ ನಾಗೋಜನನ್ನು ಹಿಡಿಯುವವರುಂಟೇ!

ಗುರು ಬಂದು ಯಾಳಿಯನ್ನು ಒಂದು ಸುತ್ತು ಹಾಕಿದರು.

"ಇದು ಹೇಗೆ ಉಣ್ಣುತ್ತದೆ?"

ನಾಗೋಜ ನಕ್ಕುಬಿಟ್ಟ. "ಯಾಳಿ ಎಲ್ಲಿದೆ ಗುರುಗಳೇ, ಉಣ್ಣೋದಕ್ಕೆ? ಯಾರೂ ಕಂಡದ್ದೇ ಇಲ್ಲ."

"ಯಾರೂ ಕಂಡಿಲ್ಲ ಅಂತ ಉಪವಾಸ ಕೆಡವಿದೆಯಾ?"

ಗುರು ಬುತ್ತಿ ಬಿಚ್ಚಿ ಒಂದು ರೊಟ್ಟಿಯನ್ನು ಅವನ ಕೈಗಿಟ್ಟರು. "ಸೊಂಡಿಲಿನಿಂದ ಉಣ್ಣಿಸು, ನೋಡೋಣ."

ನಾಗೋಜ ತನ್ನ ತೋಳನ್ನು ಸೊಂಡಿಲಿಗೆ ಆನಿಸಿ, ಆನೆ ಮಡಚುವಂತೆ ಮಡಚಿ, ರೊಟ್ಟಿಯನ್ನು ಬಾಯಿಯತ್ತ ಒಯ್ದ. ಬಲಗಡೆಯ ಕೋರೆಹಲ್ಲು ಅಡ್ಡ ಬಂತು. ಮತ್ತೆ ಒಯ್ದ. ಮುಂಗೈ ತರಚಿ ರೊಟ್ಟಿ ನೆಲಕ್ಕೆ ಬಿತ್ತು.

"ನಾಲ್ಕು ಪ್ರಾಣಿ ಕೊಂದು ಹೊಲಿದಿದ್ದೀಯ," ಎಂದರು ಗುರು. "ಒಂದನ್ನೂ ಹುಟ್ಟಿಸಿಲ್ಲ."

ರೊಟ್ಟಿ ಎತ್ತಿ, ಧೂಳು ಕೊಡವಿ, ತಾವೇ ತಿನ್ನತೊಡಗಿದರು.

ನಾಗೋಜನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಏನು ಹೇಳಲಿ, ಆ ಕಲ್ಲಿಗಾಗಿಯೇ ಕರುಳು ಚುರ್ ಎಂದಿತು. ಇಷ್ಟು ದೊಡ್ಡ ಬಾಯಿ ಕೊಟ್ಟು ತುತ್ತಿಗೆ ದಾರಿ ಕೊಡಲಿಲ್ಲವಲ್ಲ!

"ಕೋರೆ ಕಡಿದರೆ ಗೌಡರು ಭಿನ್ನ ಅಂತಾರೆ ಗುರುಗಳೇ. ಭಿನ್ನವಾದದ್ದನ್ನು ಗುಡಿಗೆ ಸೇರಿಸೋದಿಲ್ಲ."

"ಸೇರಿಸೋದಿಲ್ಲ."

"ಹಾಗಾದರೆ ಏನು ಮಾಡಲಿ?"

"ಹಸಿದಿರೋದು ಯಾರಪ್ಪಾ, ಗೌಡರಾ?"

ನಾಗೋಜ ಉಳಿ ಎತ್ತಿದ. ಕೋರೆಯನ್ನು ಅರ್ಧಕ್ಕೆ ಇಳಿಸಿ ತುದಿಯನ್ನು ನುಣ್ಣಗೆ ಉಜ್ಜಿದ. ಬುತ್ತಿಯಿಂದ ಒಂದು ತುತ್ತು ರೊಟ್ಟಿ ಮುರಿದುಕೊಂಡು ಮತ್ತೆ ತೋಳು ಆನಿಸಿದ. ತುತ್ತು ಸಲೀಸಾಗಿ ಬಾಯಿ ಸೇರಿತು. ಅವನ ಕಣ್ಣು ತುಂಬಿ ಬಂತು.

ಸಂಜೆ ಗೌಡರು ಬಂದರು. ನೋಡಿದರು, ತಲೆದೂಗಿದರು, ಕೋರೆಯ ಹತ್ತಿರ ಬಂದು ಹುಬ್ಬು ಗಂಟಿಕ್ಕಿದರು.

"ಇದೇನೋ ಇದು, ಹಲ್ಲು ಮುರಿದಿದೆ! ಭಿನ್ನವಾದದ್ದನ್ನು ದೇವರ ಬಾಗಿಲಲ್ಲಿ ನಿಲ್ಲಿಸೋದಾ?"

ನಾಗೋಜ ಗುರುವಿನ ಮುಖ ನೋಡಿದ. ಗುರು ಹೊಳೆ ನೋಡುತ್ತಿದ್ದರು. ತಾನೇ ಮಾತಾಡಬೇಕಾಯಿತು.

"ಮುರಿದದ್ದಲ್ಲ ಗೌಡರೇ, ಸವೆದದ್ದು. ಇದು ಉಂಡು ಬೆಳೆದ ಪ್ರಾಣಿ."

ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಕಲ್ಲು ಉಣ್ಣುತ್ತದಂತೆ! ಕೇಳಿದಿರಾ ಆಚಾರ್ಯರೇ, ನಿಮ್ಮ ಹುಡುಗನ ಮಾತು?"

ಮೌನಪ್ಪಾಚಾರ್ಯರು ಎದ್ದು ಬಂದು ನಾಗೋಜನ ಪಕ್ಕದಲ್ಲಿ ಎದೆಯೆತ್ತಿ ನಿಂತರು.

"ಹುಡುಗ ಅಲ್ಲ ಗೌಡರೇ, ಶಿಲ್ಪಿ. ನಂಬಿಕೆ ಇಲ್ಲದಿದ್ದರೆ ಅದರ ಬಾಯಲ್ಲಿ ಕೈ ಇಟ್ಟು ನೋಡಿ."