ಚಾವಡಿಗೆ ಬಂದ ಇಬ್ಬರು ಹೊಸಬರು

"ಗುರುಗಳೇ, ಇನ್ನೊಬ್ಬರ ಧರ್ಮವನ್ನು ಕುರಿತು ಗ್ರಂಥ ಬರೆಯಬೇಕಾದರೆ ಅದನ್ನು ಅರಿಯುವ ದಾರಿ ಯಾವುದು?" ಎಂದು ಶಿಷ್ಯನೊಬ್ಬ ಕೇಳಿದ. "ಬಾಯಿಬಿಟ್ಟು ಕೇಳಿದರೆ ಜನ ನಮಗೆ ಹಿತವಾಗುವಂತೆ ಹೇಳುತ್ತಾರೆ. ನೋಡುತ್ತಿದ್ದೇವೆಂದು ಗೊತ್ತಾದರೆ ನಡೆಯನ್ನೇ ಬದಲಿಸುತ್ತಾರೆ. ಭಕ್ತನ ವೇಷ ಹಾಕಿ, ಗುರುತು ಹೇಳದೆ ಅವರ ನಡುವೆ ಇದ್ದು ಬಂದರೆ ಹೇಗೆ?"

ಗುರು ಹೇಳಿದರು:

ಒಂದು ಆಸ್ಥಾನದಲ್ಲಿ ಒಬ್ಬ ಪಂಡಿತನಿದ್ದ. ಅವನೂ ನಿನ್ನಂತೆಯೇ ಯೋಚಿಸಿದ. ವರ್ಷದೊಳಗೆ ಒಂದು ಹೊಸ ಗ್ರಂಥ ಒಪ್ಪಿಸದಿದ್ದರೆ ಅವನ ಪೀಠ ಬೇರೆಯವನ ಪಾಲಾಗುವುದರಲ್ಲಿತ್ತು. ದೂರದ ಬೆಟ್ಟದ ಬುಡದಲ್ಲಿ ಕಂಬಳಿ ನೇಯುವವರ ಸಣ್ಣ ಪಂಗಡವೊಂದಿತ್ತು. ಅವರ ದೇವರಿಗೆ ಗುಡಿಯಿಲ್ಲ, ಮೂರ್ತಿಯಿಲ್ಲ, ಮಂತ್ರವಿಲ್ಲ. ಸಂಜೆ ಎಲ್ಲರೂ ಚಾವಡಿಯಲ್ಲಿ ಸೇರಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾರೆ, ಅಂಬಲಿ ಕುಡಿಯುತ್ತಾರೆ, ಮನೆಗೆ ಹೋಗುತ್ತಾರೆ ಎಂದು ಅವನು ಕೇಳಿದ್ದ. ಇಷ್ಟೇ ಇರಲಾರದು, ಒಳಗೊಂದು ಗುಟ್ಟಿರಬೇಕು ಎಂದುಕೊಂಡು ಹಳೆಯ ಕಂಬಳಿಯೊಂದನ್ನು ಹೊದ್ದು ಹೊರಟ. ಅಲ್ಲಿಗೆ ಹೋಗಿ, ತಾನೊಬ್ಬ ಭಕ್ತನೆಂದು ಹೇಳಿ, ಚಾವಡಿಯಲ್ಲಿ ಕೂತ.

ಯಾರೂ ಅವನನ್ನು ಏನೂ ಕೇಳಲಿಲ್ಲ. ಅಂಬಲಿ ಕೊಟ್ಟರು.

ಮೊದಲ ಸಂಜೆಯೇ ಅವನ ಕಣ್ಣು ಮೂಲೆಯಲ್ಲಿದ್ದ ಒಬ್ಬನ ಮೇಲೆ ಬಿತ್ತು. ಉಳಿದವರು ಸುಮ್ಮನೆ ಕೂತಿದ್ದರು. ಅವರಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ. ಮೂಲೆಯವನು ಹಾಗಲ್ಲ. ಯಾರೊಡನೆಯೂ ಮಾತಿಲ್ಲ. ಎಲ್ಲರಿಗಿಂತ ಮೊದಲು ಬಂದು ಕೂತಿದ್ದ, ಎಲ್ಲರೂ ಎದ್ದ ಮೇಲೆ ಎದ್ದ. ಈ ಪಂಗಡದ ತಿರುಳು ಗೊತ್ತಿರುವವನು ಇವನೇ ಎಂದು ಪಂಡಿತ ತೀರ್ಮಾನಿಸಿದ.

ಆ ಮೂಲೆಯವನು ಇನ್ನೊಂದು ರಾಜ್ಯದ ಪಂಡಿತ. ಅವನೂ ಗ್ರಂಥ ಬರೆಯಲು ವೇಷ ಹಾಕಿ ಬಂದವನೇ. ಬಂದು ತಿಂಗಳಾಗಿತ್ತು, ಬರೆಯಲು ಒಂದು ಸಾಲೂ ಸಿಕ್ಕಿರಲಿಲ್ಲ.

ಎರಡನೆಯ ಸಂಜೆ ಮೂಲೆಯವನ ಕಂಟ, ಎಂದರೆ ಓಲೆಗರಿಯ ಮೇಲೆ ಬರೆಯುವ ಕಬ್ಬಿಣದ ಕಡ್ಡಿ, ಸೊಂಟದಿಂದ ಜಾರಿ ಬಿತ್ತು. ಅವನು ಕಣ್ಣು ಮುಚ್ಚಿದಂತೆಯೇ ನಟಿಸುತ್ತ ಮೂರು ಸಲ ನೆಲ ತಡವಿದ. ಪಂಡಿತ ಅದನ್ನು ಕಂಡ. ಮರುದಿನ ತಾನೂ ಭಕ್ತಿಯಿಂದ ಮೂರು ಸಲ ನೆಲ ಮುಟ್ಟಿದ. ಮೂಲೆಯವನು ಬೆರಗಾದ. ಇಷ್ಟು ದಿನ ಇದ್ದೂ ಈ ಆಚಾರ ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ, ಹೊಸದಾಗಿ ಬಂದ ಈತ ಹುಟ್ಟುಭಕ್ತನೇ ಇರಬೇಕು ಎಂದುಕೊಂಡ. ಅಂದಿನಿಂದ ಅವನೂ ನೆಲ ಮುಟ್ಟತೊಡಗಿದ.

ಒಂದು ಸಂಜೆ ಪಂಡಿತನ ಕಾಲು ಜೋಮು ಹಿಡಿಯಿತು. ಎದ್ದು ಒಂಟಿ ಕಾಲಿನಲ್ಲಿ ನಿಂತ. ಮೂಲೆಯವನೂ ಎದ್ದು ನಿಂತ. ಇನ್ನೊಂದು ಸಂಜೆ ಮೂಲೆಯವನಿಗೆ ಸೀನು ಬಂತು. ಪಂಡಿತ ಮೂಗಿಗೆ ಕಂಬಳಿಯ ಎಳೆ ತುರುಕಿಕೊಂಡು ತಾನೂ ಸೀನಿದ.

ಬೆಳಗಾದರೆ ಇಬ್ಬರೂ ಬೇರೆ ಬೇರೆ ಪೊದೆಗಳ ಹಿಂದೆ ಕೂತು ಬರೆಯುತ್ತಿದ್ದರು. ಅಷ್ಟು ಹೊತ್ತು ಪೊದೆಯ ಹಿಂದೆ ಕೂರುವವರ ಹೊಟ್ಟೆ ಸರಿಯಿಲ್ಲವೆಂದು ಅಡುಗೆಯ ಮುದುಕಿ ಅವರಿಬ್ಬರಿಗೆ ಮಾತ್ರ ಮೆಂತ್ಯ ಕದಡಿದ ಮಜ್ಜಿಗೆ ಕೊಟ್ಟಳು. 'ಪರಮಭಕ್ತರಿಗೆ ಕಹಿಯಾದ ತೀರ್ಥ ಕೊಡುವ ವಾಡಿಕೆಯಿದೆ' ಎಂದು ಇಬ್ಬರೂ ಬರೆದುಕೊಂಡರು.

ದಿನ ಕಳೆದಂತೆ ಚಾವಡಿಯವರೆಲ್ಲ ನೆಲ ಮುಟ್ಟತೊಡಗಿದರು, ಒಂಟಿ ಕಾಲಿನಲ್ಲಿ ನಿಲ್ಲತೊಡಗಿದರು, ಸೀನತೊಡಗಿದರು. ತನ್ನನ್ನು ನಂಬಿದ ಮೇಲೆ ಗುಟ್ಟನ್ನೆಲ್ಲ ಬಿಚ್ಚುತ್ತಿದ್ದಾರೆ ಎಂದು ಪಂಡಿತನಿಗೆ ಸಂತೋಷವಾಯಿತು. ಓಲೆಗಳು ನೂರ ನಲವತ್ತಾದವು.

ಹೀಗಿರುವಾಗ ಒಂದು ದಿನ ಪಂಗಡದ ಯಜಮಾನ ಇಬ್ಬರನ್ನೂ ಕರೆದು ಕೂರಿಸಿದ. ಬಹಳ ಸಂಕೋಚದಿಂದ ಮಾತು ತೆಗೆದ.

"ಸ್ವಾಮಿ, ನಿಮ್ಮ ದೇವರು ತುಂಬ ಕಠಿಣ ಎಂದು ಕಾಣುತ್ತದೆ. ನಮ್ಮ ಮುದುಕರಿಗೆ ಮಂಡಿ ನೋವು. ನಿನ್ನೆ ಇಬ್ಬರು ಬಿದ್ದರು. ಸೀನುವುದನ್ನು ಹೇಗೋ ಮಾಡುತ್ತೇವೆ. ಒಂಟಿ ಕಾಲಿನದೊಂದನ್ನು ಬಿಡಬಹುದೇ?"

"ನಮ್ಮ ದೇವರೇ?" ಎಂದ ಪಂಡಿತ. "ಇದು ನಿಮ್ಮ ಆಚಾರವಲ್ಲವೇ?"

"ನಮ್ಮದು ಸುಮ್ಮನೆ ಕೂರುವುದು, ಅಷ್ಟೆ. ನೀವು ಯಾವುದೋ ದೊಡ್ಡ ವ್ರತ ಹಿಡಿದು ಬಂದವರು ಎಂದುಕೊಂಡೆವು. ಮನೆಗೆ ಬಂದವರನ್ನು ಒಂಟಿಯಾಗಿ ಬಿಡಬಾರದಲ್ಲ? ಅದಕ್ಕೇ ನಾವೂ ಮಾಡಿದೆವು."

ಇಬ್ಬರು ಪಂಡಿತರೂ ಆಗ ಮೊದಲ ಸಲ ಒಬ್ಬರ ಮುಖವನ್ನೊಬ್ಬರು ನೇರವಾಗಿ ನೋಡಿದರು. ಇಬ್ಬರ ಕೈಬೆರಳುಗಳ ಮೇಲೂ ಓಲೆಗೆ ಬಳಿಯುವ ಮಸಿಯಿತ್ತು.

ಪಂಡಿತನಿಗೆ ನಾಚಿಕೆಯಾಯಿತು. ತಾನು ಯಾರು, ಯಾಕೆ ಬಂದೆ ಎಂಬುದನ್ನು ಯಜಮಾನನಿಗೆ ತಿಳಿಸಿ ತಪ್ಪೊಪ್ಪಿಕೊಂಡ. ಯಜಮಾನ ಸಿಟ್ಟಾಗಲಿಲ್ಲ. ಇನ್ನು ಮುದುಕರು ಬೀಳುವುದಿಲ್ಲವೆಂದು ಅವನಿಗೆ ನೆಮ್ಮದಿಯಾಯಿತು, ಅಷ್ಟೆ. ಪಂಡಿತ ನೂರ ನಲವತ್ತು ಓಲೆಗಳನ್ನೂ ಅಂಬಲಿಯ ಒಲೆಗೆ ಹಾಕಿದ. ಆಸ್ಥಾನಕ್ಕೆ ಒಂದೇ ಒಂದು ಓಲೆ ಒಯ್ದ. ಅದರಲ್ಲಿ, 'ಬಂದವರನ್ನು ಇವರು ಒಂಟಿಯಾಗಿ ಬಿಡುವುದಿಲ್ಲ. ಇದಕ್ಕಿಂತ ಹೆಚ್ಚು ನನಗೆ ತಿಳಿಯಲಿಲ್ಲ' ಎಂದಿತ್ತು. ಸಭೆ ನಕ್ಕಿತು. ಪೀಠ ಹೋಯಿತು.

ಮೂಲೆಯವನು ಓಲೆಗಳನ್ನು ಸುಡಲಿಲ್ಲ. ಅಷ್ಟು ದಿನದ ದುಡಿಮೆ, ಸುಡಲು ಮನಸ್ಸು ಬರಲಿಲ್ಲ. ಅವನ ಗ್ರಂಥಕ್ಕೆ ಅವನ ಊರಿನಲ್ಲಿ ಶಾಲು ಹೊದಿಸಿದರು. ಮರುವರ್ಷ ಅದರ ಒಂದು ಪ್ರತಿ ಈ ಆಸ್ಥಾನಕ್ಕೂ ಬಂತು. ಪೀಠ ಕಳೆದುಕೊಂಡ ಪಂಡಿತನನ್ನು ಹಿಂದಿನ ಸಾಲಿನಲ್ಲಿ ಕೂರಿಸಿ ಸಭೆಯ ಮುಂದೆ ಅದನ್ನು ಓದಿದರು. ಏಳನೆಯ ಅಧ್ಯಾಯದಲ್ಲಿ ಆ ಪಂಗಡದ ಮಹಾಸಿದ್ಧನೊಬ್ಬನ ವರ್ಣನೆಯಿತ್ತು. ಕುಳ್ಳಗಿನ ಆಳು, ಎಡಗೆನ್ನೆಯ ಮೇಲೆ ಮಚ್ಚೆ, ದೇವರ ಆವೇಶ ಬಂದಾಗ ಒಂಟಿ ಕಾಲಿನಲ್ಲಿ ನಿಲ್ಲುವವನು.

"ಒಂದು ಪಂಗಡವನ್ನು ಅರಿಯುವುದು ಎಂದರೆ ಹೀಗೆ," ಎಂದು ಹೊಸ ಪೀಠಾಧಿಪತಿ ಹಿಂದಿನ ಸಾಲಿನ ಕಡೆ ತಿರುಗಿ ಹೇಳಿದ. "ಇಂಥ ಒಬ್ಬ ಸಿದ್ಧ ಅಲ್ಲಿದ್ದರೂ ನಿನ್ನ ಕಣ್ಣಿಗೆ ಬೀಳಲಿಲ್ಲವಲ್ಲ."

ಪಂಡಿತ ಎಡಗೆನ್ನೆಯ ಮೇಲೆ ಕೈಯಿಟ್ಟುಕೊಂಡು, ಬೀಳಲಿಲ್ಲ ಎಂದು ಒಪ್ಪಿಕೊಂಡ.

ಶಿಷ್ಯ ಬಹಳ ಹೊತ್ತು ನಕ್ಕ. ಕಣ್ಣೊರೆಸಿಕೊಂಡು, "ತಿಳಿಯಿತು ಗುರುಗಳೇ, ವೇಷ ಬೇಡ. ನಾನು ಯಾರೆಂದು ಹೇಳಿ, ನೀವು ನಂಬುವುದು ಏನನ್ನು ಎಂದು ನೇರವಾಗಿಯೇ ಕೇಳುತ್ತೇನೆ," ಎಂದ.

"ಕೇಳು," ಎಂದರು ಗುರು, "ಆದರೆ ಅವರು ಅದನ್ನೇ ತಿರುಗಿ ನಿನ್ನನ್ನು ಕೇಳಿದರೆ ಏನು ಹೇಳುತ್ತೀಯೆ?"