ಕಮ್ಮಾರನ ಹೆಂಡತಿಯ ಬುದ್ಧಿಹಲ್ಲು

“ಗುರುಗಳೇ, ಕೋಪ ಇಳಿಯುವವರೆಗೆ ಕೈ ಎತ್ತಬೇಡ ಎನ್ನುತ್ತೀರಿ. ಕೋಪ ಇಳಿದ ಮೇಲೆ ಕೈ ಏಳುವುದೇ ಇಲ್ಲವಲ್ಲ, ಆಗ ಏನು ಮಾಡಬೇಕು?”

ಕೇಳಿದವನು ಚೆನ್ನವೀರನೆಂಬ ಶಿಷ್ಯ. ಕುಳಿತು ಕೇಳಲಿಲ್ಲ, ನಿಂತೇ ಕೇಳಿದ. ಅವನ ತಂಗಿಯನ್ನು ಅವಳ ಗಂಡ ಮತ್ತೆ ಹೊಡೆದಿದ್ದಾನೆಂದು ಆ ಬೆಳಿಗ್ಗೆ ಸುದ್ದಿ ಬಂದಿತ್ತು. ಹಿಂದಿನ ಸಲ ಇಂಥದೇ ಸುದ್ದಿ ಬಂದಾಗ ಚೆನ್ನವೀರ ಹಲ್ಲು ಕಚ್ಚಿ ತಡೆದುಕೊಂಡಿದ್ದ. ಕೆಲವು ದಿನಗಳಲ್ಲಿ ಕೋಪ ಆರಿತ್ತು. ಕೋಪದ ಜೊತೆಗೆ ತಂಗಿಯ ಚಿಂತೆಯೂ ಆರಿಹೋಗಿತ್ತು. ಈ ಸಲ ಹಾಗಾಗಲು ಬಿಡುವುದಿಲ್ಲ, ಈಗಲೇ ಆ ಊರಿಗೆ ಹೋಗಿ ಅವನ ಮೂಳೆ ಮುರಿದು ಬರುತ್ತೇನೆ ಎಂದ.

ಗುರುಗಳು ಅವನನ್ನು ತಡೆಯಲಿಲ್ಲ. ಒಬ್ಬರ ಸಂಗತಿ ಹೇಳುತ್ತೇನೆ, ಕೇಳಿ ಹೊರಡು ಎಂದರು.

ಒಂದು ಊರಿನಲ್ಲಿ ಮೌನೇಶನೆಂಬ ಕಮ್ಮಾರನಿದ್ದ. ಕೆಲಸದಲ್ಲಿ ಗಟ್ಟಿಗ. ಸಿಟ್ಟಿನಲ್ಲಿ ಇನ್ನೂ ಗಟ್ಟಿಗ. ಕುಲುಮೆಗೆ ಬಂದವರೊಡನೆ ಜಗಳವಾಡದೆ ಒಂದು ಕುಡುಗೋಲನ್ನೂ ಮಾಡಿಕೊಟ್ಟವನಲ್ಲ. ಆದರೆ ಹೆಂಡತಿ ಕಾಳಮ್ಮನಿಗೆ ಒಂದು ಗಡಸು ಮಾತನ್ನೂ ಆಡಿದವನಲ್ಲ. ಅವಳ ಕಾಲಿಗೆ ಮುಳ್ಳು ಚುಚ್ಚಿದರೆ ಮುಳ್ಳಿನ ಗಿಡವನ್ನೇ ಬೇರು ಸಹಿತ ಕಿತ್ತು ಸುಡುವವನು.

ಒಮ್ಮೆ ಕಾಳಮ್ಮನ ದವಡೆಯ ಕೊನೆಯಲ್ಲಿ ಬುದ್ಧಿಹಲ್ಲು ನೋಯತೊಡಗಿತು. ಅವಳು ಲವಂಗ ಒತ್ತಿಕೊಂಡು ಕೆಲಸ ಮಾಡಿದಳು. ಕೆನ್ನೆ ಬಾತಿತು. ಬಾಯಿ ತೆರೆಯುವುದು ಕಷ್ಟವಾಯಿತು. ಗಂಜಿ ಕುಡಿಯುವಾಗ ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ಮೌನೇಶ ಕುಲುಮೆಯ ಬೆಂಕಿ ಆರಿಸಿ, ಅವಳನ್ನು ಪೇಟೆಯ ಹಲ್ಲಿನ ಡಾಕ್ಟರಮ್ಮನ ಬಳಿಗೆ ಕರೆದೊಯ್ದ.

ಡಾಕ್ಟರಮ್ಮ ನೋಡಿದರು. “ಹಲ್ಲು ಅಡ್ಡಡ್ಡ ಬೆಳೆದಿದೆ. ಸುತ್ತ ಕೀವು ತುಂಬಿದೆ. ಇವತ್ತು ಸಣ್ಣದಾಗಿ ಕೊಯ್ದು ಕೀವು ತೆಗೆಯುತ್ತೇನೆ, ಮಾತ್ರೆ ಕೊಡುತ್ತೇನೆ. ಬಾವು ಇಳಿದ ಮೇಲೆ ಬನ್ನಿ, ಹಲ್ಲು ಕೀಳೋಣ” ಎಂದರು.

ಮೌನೇಶ ಸಿಡಿದೆದ್ದ. “ನೋವು ಕೊಡುತ್ತಿರುವುದು ಹಲ್ಲು. ಅದನ್ನು ಬಿಟ್ಟು ಒಸಡು ಕೊಯ್ಯುತ್ತೀರಾ? ಕೀಳಲು ಬರುವುದಿಲ್ಲ ಎಂದು ನೇರವಾಗಿ ಹೇಳಿ!”

“ಕೀವಿರುವ ಜಾಗದಲ್ಲಿ ಮರಗಟ್ಟಿಸುವ ಸೂಜಿ ಸರಿಯಾಗಿ ಹಿಡಿಯುವುದಿಲ್ಲ. ಈಗ ಕೈ ಹಾಕಿದರೆ ಆ ವಿಷ ಕುತ್ತಿಗೆಗೆ ಇಳಿಯಬಹುದು. ನಿಮ್ಮ ಸಿಟ್ಟಿಗೆ ನಾನು ಇವರ ಪ್ರಾಣ ಬಲಿ ಕೊಡಲಾರೆ” ಎಂದು ಡಾಕ್ಟರಮ್ಮನೂ ಗದರಿದರು.

ಕಾಳಮ್ಮ ಕುರ್ಚಿಯಿಂದ ಏಳಲಿಲ್ಲ. ಕೀವು ತೆಗೆಸಿಕೊಳ್ಳುತ್ತೇನೆಂದು ಕೈಸನ್ನೆ ಮಾಡಿದಳು. ಮೌನೇಶ ಡಾಕ್ಟರಮ್ಮನನ್ನೇ ದುರುಗುಟ್ಟಿ ನೋಡುತ್ತಿದ್ದುದರಿಂದ ಆ ಸನ್ನೆ ಅವನಿಗೆ ಕಾಣಲಿಲ್ಲ. ಅವಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಮನೆಗೆ ಬಂದ.

ಮನೆಗೆ ಬಂದವನೇ ಸಣ್ಣ ಇಕ್ಕಳವೊಂದನ್ನು ಕುದಿಯುವ ನೀರಿನಲ್ಲಿ ಅದ್ದಿದ. ಕೆಂಡದಿಂದ ಕಬ್ಬಿಣ ತೆಗೆಯುವ ನನಗೆ ಬಾಯಿಂದ ಒಂದು ಹಲ್ಲು ತೆಗೆಯಲು ಬಾರದೇ ಎಂದ. ಕಾಳಮ್ಮ ಬೇಡವೆಂದು ತಲೆಯಾಡಿಸಿದಳು, ಗೋಡೆಯವರೆಗೆ ಹಿಂದೆ ಸರಿದಳು. ಅವನ ಸಿಟ್ಟೆಲ್ಲ ಹಲ್ಲಿನ ಮೇಲಿತ್ತು. ಆ ಹಲ್ಲನ್ನು ಸಾಯಿಸಿಬಿಡುತ್ತೇನೆ ಎನ್ನುತ್ತ ಅವಳ ಬಾಯಿಯನ್ನು ಬಲವಂತವಾಗಿ ತೆರೆಸಿದ.

ಹಲ್ಲು ಬರಲಿಲ್ಲ. ಮುರಿಯಿತು. ಬೇರು ದವಡೆಯೊಳಗೇ ಉಳಿಯಿತು. ಅವಳ ಕೂಗು ಕೇಳಿ ನೆರೆಯವರು ಓಡಿಬಂದರು. ಮೌನೇಶ ಇಕ್ಕಳದಲ್ಲಿದ್ದ ಚೂರನ್ನು ಅವರಿಗೆ ತೋರಿಸಿ, “ತೆಗೆದೆ ನೋಡಿ” ಎಂದ. ಯಾರೂ ಆ ಚೂರನ್ನು ನೋಡಲಿಲ್ಲ.

ಮರುದಿನ ಬಾವು ಕುತ್ತಿಗೆಗೆ ಇಳಿಯಿತು. ನಾಲಿಗೆಯ ಅಡಿಯೂ ಊದಿ ನಾಲಿಗೆ ಮೇಲೆದ್ದಿತು. ಕಾಳಮ್ಮನಿಗೆ ನೀರು ನುಂಗಲಾಗಲಿಲ್ಲ, ಮಲಗಿದರೆ ಉಸಿರಾಡಲಾಗಲಿಲ್ಲ. ನೆರೆಯವರು ಟೆಂಪೋ ತಂದು ಅವಳನ್ನು ಕೂರಿಸಿಕೊಂಡೇ ಜಿಲ್ಲಾಸ್ಪತ್ರೆಗೆ ಸಾಗಿಸಿದರು. ಅಲ್ಲಿ ಅವಳ ಕುತ್ತಿಗೆಯನ್ನು ಹೊರಗಿನಿಂದ ಕೊಯ್ದು ಕೀವು ತೆಗೆದರು, ಉಸಿರಿಗೆ ಕೊಳವೆ ಹಾಕಿದರು. ಬದುಕುತ್ತಾಳೋ ಇಲ್ಲವೋ ಎಂದು ಯಾರೂ ಹೇಳಲಿಲ್ಲ. ಮೌನೇಶ ಹೊರಗೆ ನೆಲದ ಮೇಲೆ ಕುಳಿತು ತನ್ನ ಬಲಗೈಯನ್ನು ತಾನೇ ಗೋಡೆಗೆ ಬಡಿದುಕೊಂಡ. ಗಾಯವಾದ ಕೈಗೂ ಆಸ್ಪತ್ರೆಯವರೇ ಬಟ್ಟೆ ಕಟ್ಟಬೇಕಾಯಿತು. ಕಟ್ಟಿದ ನರ್ಸ್, “ಒಳಗಿರುವವರನ್ನು ನೋಡಿಕೊಳ್ಳಲು ಬಿಡಯ್ಯಾ” ಎಂದು ರೇಗಿದಳು.

ಕಾಳಮ್ಮ ಬದುಕಿದಳು. ಮನೆಗೆ ಬಂದಳು. ಬಾವು ಇಳಿಯಿತು, ನೋವು ನಿಂತಿತು, ದನಿ ಮರಳಿತು. ಉಳಿದ ಬೇರನ್ನು ಈಗ ತೆಗೆಸಬೇಕು, ಇಲ್ಲದಿದ್ದರೆ ಮತ್ತೆ ಕೀವು ಕಟ್ಟುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು.

ಮೌನೇಶ ಅದರ ಸುದ್ದಿ ಎತ್ತಲಿಲ್ಲ. ಕಾಳಮ್ಮನೇ ನೆನಪಿಸಿದಳು. ಈಗ ನೋವಿಲ್ಲವಲ್ಲ, ಸುಮ್ಮನಿರುವುದನ್ನು ಯಾಕೆ ಕೆಣಕಬೇಕು ಎಂದ. ಮುಂದಿನ ವಾರ ನೋಡೋಣ ಎಂದ. ಆ ವಾರ ಬಂದಾಗ ಕುಲುಮೆಯಲ್ಲಿ ಕೆಲಸ ಹೆಚ್ಚಿದೆ ಎಂದ.

ಆಗ ಕಾಳಮ್ಮನಿಗೆ ಸಿಟ್ಟು ಬಂತು. ಅವಳು ಹಾಗೆ ಸಿಟ್ಟಾದದ್ದನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ.

“ಅವತ್ತು ಡಾಕ್ಟರಮ್ಮನ ಕುರ್ಚಿಯಲ್ಲಿ ಕುಳಿತವಳು ನಾನು. ನೀನು ನನ್ನನ್ನು ಒಂದು ಮಾತು ಕೇಳಲಿಲ್ಲ. ಗೋಡೆಗೆ ಒರಗಿ ಬೇಡ ಅಂದವಳು ನಾನು. ಆಗಲೂ ಕೇಳಲಿಲ್ಲ. ನನ್ನ ನೋವು ನೋಡಿ ನಿನಗೆ ಸಿಟ್ಟು ಬಂತು, ನಿನ್ನ ಸಿಟ್ಟು ತೀರಿಸಿಕೊಂಡೆ. ಈಗ ಸಿಟ್ಟಿಲ್ಲ, ಅದಕ್ಕೆ ನಿನಗೆ ನನ್ನ ಬಾಯಿಯ ಚಿಂತೆಯೂ ಇಲ್ಲ.”

ಮೌನೇಶ ಏನೋ ಹೇಳಲು ಹೋದ. ಅವಳು ಕೇಳಲು ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿ ಒಬ್ಬಳೇ ಬಸ್ಸು ಹತ್ತಿ ಪೇಟೆಗೆ ಹೋದಳು.

ಡಾಕ್ಟರಮ್ಮ ಅವಳ ಕುತ್ತಿಗೆಯ ಗಾಯದ ಗುರುತನ್ನು ನೋಡಿದರು. ಕಾಳಮ್ಮ ತಾನೇ ಬಾಯಿ ತೆರೆದಳು. ಈ ಸಲ ಸೂಜಿ ಹಿಡಿಯಿತು. ಒಸಡು ಬಿಡಿಸಿ, ಬೇರನ್ನು ಎರಡು ತುಂಡು ಮಾಡಿ ತೆಗೆದು ಹೊಲಿಗೆ ಹಾಕಿದರು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ಅವಳು ಸಂಜೆಯೊಳಗೆ ಮನೆಗೆ ಬಂದಳು. ಮೌನೇಶ ಗಂಜಿ ಮಾಡಿ ಆರಿಸಿಟ್ಟಿದ್ದ. ಅವಳು ಗಂಜಿ ಕುಡಿದಳು. ಅವನೊಡನೆ ಮಾತಾಡಲು ಮಾತ್ರ ಬಹಳ ದಿನ ಹಿಡಿಯಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚೆನ್ನವೀರನ ಉಸಿರು ಇನ್ನೂ ಬಿಸಿಯಾಗಿಯೇ ಇತ್ತು. “ಹಾಗಾದರೆ ನಾನು ಇವತ್ತು ಹೋಗಬಾರದೇ? ಅವಳು ಅಲ್ಲಿ ಪೆಟ್ಟು ತಿನ್ನುತ್ತಿರಲಿ, ನಾನು ಇಲ್ಲಿ ತಣ್ಣಗಾಗುತ್ತ ಕೂರಲೇ?” ಎಂದ.

“ಇವತ್ತೇ ಹೋಗು, ಆದರೆ ಅವನ ಮೂಳೆ ಮುರಿದು ನೀನು ಹಿಂದಿರುಗಿದ ಮೇಲೆ, ಈ ರಾತ್ರಿ ಅವನ ಮನೆಯಲ್ಲಿ ಅವನ ಜೊತೆ ಉಳಿಯುವವರು ಯಾರು ಎಂದು ನನಗೆ ಹೇಳಿ ಹೋಗು” ಎಂದರು ಗುರುಗಳು.

“ಮೊದಲು ತಂಗಿಯನ್ನೇ ಕೇಳುತ್ತೇನೆ” ಎಂದು ಚೆನ್ನವೀರ ಹೊರಟ.