ಲಕ್ಷಕ್ಕೆ ಒಂಬತ್ತು ಕಡಿಮೆ

ವೈಶಾಖ ಶುದ್ಧ ದಶಮಿ. ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ.

ವರದಾ ನದಿಯ ದಂಡೆಯ ಆ ಗುರುಕುಲದಲ್ಲಿ ಒಂದು ಪದ್ಧತಿ. ಗಣಿತ ಕಲಿತು ಊರಿಗೆ ಹೊರಡುವ ಶಿಷ್ಯ ಗುರುದಕ್ಷಿಣೆಯಾಗಿ ಒಂದು ಸಂಖ್ಯೆ ಕೊಡಬೇಕು. ಅದು ಹಿಂದಿನವರು ಕೊಟ್ಟದ್ದಕ್ಕಿಂತ ದೊಡ್ಡದಿರಬೇಕು. ಒಂದು ಮತ್ತು ಅದೇ ಸಂಖ್ಯೆಯನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗಬಾರದು. ಗುರು ಅದನ್ನು ಒಡೆದರೆ ಶಿಷ್ಯ ಇನ್ನೊಂದು ವರ್ಷ ಅಲ್ಲೇ.

ಹೋದ ವರ್ಷ ಪಾಯಣ್ಣ ಹತ್ತು ಸಾವಿರಕ್ಕೆ ಒಂಬತ್ತು ಕಡಿಮೆ ಇರುವ ಸಂಖ್ಯೆ ತಂದಿದ್ದ. ಎಂಬತ್ತೊಂಬತ್ತರವರೆಗೆ ಭಾಗಿಸಿ ನೋಡಿ, ಇನ್ನು ಸಾಕು ಎಂದು ಎದ್ದುಬಿಟ್ಟಿದ್ದ. ಗುರು ಪಾರಿಸಯ್ಯ ಮಜ್ಜಿಗೆ ಕುಡಿಯುತ್ತಲೇ, "ತೊಂಬತ್ತೇಳನ್ನು ನೂರ ಮೂರರಿಂದ ಗುಣಿಸು" ಎಂದಿದ್ದರು.

ಈಗ ಪಾಯಣ್ಣನಿಗೆ ಮಾವನಾಗಬೇಕಾದವನು ಹೇಳಿ ಕಳಿಸಿದ್ದ: ಈ ವೈಶಾಖದಲ್ಲೂ ಬರದಿದ್ದರೆ ಹುಡುಗಿಗೆ ಬೇರೆ ಗಂಡು ನೋಡುತ್ತೇವೆ.

"ಸಂಖ್ಯೆ ಹೇಳು" ಎಂದರು ಗುರು.

"ಲಕ್ಷಕ್ಕೆ ಒಂಬತ್ತು ಕಡಿಮೆ."

ಗುರು ನಕ್ಕರು. "ಬಿದ್ದ ಬಾವಿಗೇ ಮತ್ತೆ ಇಳಿದೆಯಾ?"

"ಆಳ ಗೊತ್ತಿತ್ತು ಗುರುಗಳೇ."

ಗುರು ಮರಳಿನ ಮೇಲೆ ಬೆರಳಿನಿಂದ ಭಾಗಿಸತೊಡಗಿದರು. ಏಳು ಹೋಗಲಿಲ್ಲ. ಹದಿಮೂರು ಹೋಗಲಿಲ್ಲ. ನೂರ ಒಂದಕ್ಕೆ ಬಂದಾಗ ಉಳಿದದ್ದು ಬರೀ ಒಂದು. ಮೊದಲೇ ಗೊತ್ತಿದ್ದರೂ ಪಾಯಣ್ಣ ಆ ಒಂದನ್ನು ಮತ್ತೊಮ್ಮೆ ಬಗ್ಗಿ ನೋಡಿದ.

ಮಧ್ಯಾಹ್ನ ಇಳಿಯಿತು. ಗುರುಗಳ ಅಕ್ಕ ಚಂದವ್ವ ಬಾಗಿಲಿಗೆ ಬಂದರು.

"ಪಾರಿಸಾ, ಹೊತ್ತು ಮುಳುಗಿದ ಮೇಲೆ ನೀನು ಉಣ್ಣುವವನಲ್ಲ. ಎದ್ದು ಬಾ."

"ಇನ್ನೊಂದೇ ಅಕ್ಕ."

"ಬೆಳಗಿನಿಂದ ಅದನ್ನೇ ಹೇಳುತ್ತಿದ್ದೀ."

ನದಿಯ ಆಚೆ ಸೂರ್ಯ ಮುಳುಗಿದ. ಗುರುಗಳ ಬೆರಳು ನಿಂತಿತು.

"ಮುನ್ನೂರ ಹದಿಮೂರರಿಂದ ಭಾಗಿಸಿದಾಗ ನಿನಗೆ ಎಷ್ಟು ಉಳಿಯಿತು?"

"ನೂರ ನಲವತ್ನಾಲ್ಕು."

"ನನಗೂ ಅಷ್ಟೇ. ಅಲ್ಲಿಗೇ ನಿಲ್ಲಿಸಿದೆಯಾ? ಈ ಸಲವೂ ಸೋಮಾರಿತನವೇ?"

"ಅಲ್ಲ ಗುರುಗಳೇ. ಒಡೆಯದ ಸಂಖ್ಯೆಗಳಲ್ಲಿ ಮುಂದಿನದು ಮುನ್ನೂರ ಹದಿನೇಳು. ಅದನ್ನು ಅದರಿಂದಲೇ ಗುಣಿಸಿದರೆ ಲಕ್ಷ ದಾಟುತ್ತದೆ. ಇಬ್ಬರು ಸೇರಿ ಈ ಸಂಖ್ಯೆಯನ್ನು ಕಟ್ಟಿದ್ದರೆ ಅವರಲ್ಲಿ ಒಬ್ಬ ಇದಕ್ಕಿಂತ ಚಿಕ್ಕವನಿರಲೇಬೇಕು. ಚಿಕ್ಕವರನ್ನೆಲ್ಲ ಮಾತನಾಡಿಸಿಯೇ ಬಂದಿದ್ದೇನೆ. ಒಬ್ಬನನ್ನೂ ಬಿಟ್ಟಿಲ್ಲ."

ಗುರು ಎದ್ದು ಮರಳಿನ ಕೈಯನ್ನು ಪಾಯಣ್ಣನ ತಲೆಯ ಮೇಲಿಟ್ಟರು.

"ಒಡೆಯಲಿಲ್ಲ. ಹೋಗು, ಮದುವೆ ಮಾಡಿಕೋ."

ಪಾಯಣ್ಣ ಬಾಗಿ ಗುರುಗಳ ಕಾಲು ಮುಟ್ಟಿದ. ಎದ್ದಾಗ ಮುಖದ ತುಂಬ ಮರಳು, ಮರಳಿನ ತುಂಬ ನಗು.

ಚಂದವ್ವನಿಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. "ಇಷ್ಟು ವರ್ಷ ಅನ್ನ ಹಾಕಿ ಕಲಿಸಿದೆ. ಕೊನೆಗೆ ಇವನು ಕೊಟ್ಟದ್ದಾದರೂ ಏನು? ಒಂದು ಊಟ ತಪ್ಪಿಸಿದ, ಅಷ್ಟೇ ತಾನೇ?"

"ಅದನ್ನೇ ಕೊಟ್ಟನಕ್ಕ" ಎಂದರು ಗುರು. "ಉಣ್ಣುವುದೇ ಬೇಡವಾಗುವಂಥ ಒಂದು ಹಗಲು."